ಒಂದು ಚಮಚ ಹೆಪ್ಪು

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಒಂದು ಕಾರ್ಖಾನೆ, ಅಲ್ಲೊಬ್ಬ ಎಂಜಿನಿಯರ್ ಎಂದುಕೊಳ್ಳೋಣ. ಶನಿವಾರ ಬೆಳಿಗ್ಗೆ ಅವರು ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ಏಳನೇ ತರಗತಿ ಮಕ್ಕಳಿಗೆ ಎರಡು ಗಂಟೆ ಭಿನ್ನರಾಶಿ ಹೇಳಿಕೊಟ್ಟು ಬರುತ್ತಾರೆ. ಕಂಪನಿ ಅದಕ್ಕೆ ರಜೆ ಹಾಕಿಸುವುದಿಲ್ಲ, ಸಂಬಳವನ್ನೂ ಹಿಡಿಯುವುದಿಲ್ಲ. ಹಾಗಿದ್ದರೆ ಆ ಎರಡು ಗಂಟೆಯ ಸಂಬಳವನ್ನು ಕಂಪನಿಯು ಸಮಾಜಕ್ಕೆ ಖರ್ಚು ಮಾಡಿದ ಹಣ ಎಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ?

ಸೇರಿಸಿಕೊಳ್ಳುವಂತಿಲ್ಲ. ಆ ಎರಡು ಗಂಟೆಗೆ ಸಿಎಸ್‌ಆರ್ ಲೆಕ್ಕದಲ್ಲಿ ಸಿಗುವ ಬೆಲೆ ಸೊನ್ನೆ.

ಮೇಲ್ನೋಟಕ್ಕೆ ಇದು ಅನ್ಯಾಯದಂತೆ ಕಾಣುತ್ತದೆ. ಆದರೆ ನೌಕರರ ಸ್ವಯಂಸೇವೆ, ಅದರಲ್ಲೂ ಊರಿನ ವಿದ್ಯಾರ್ಥಿಗಳನ್ನು ಜೊತೆಗೆ ಕಟ್ಟಿಕೊಂಡು ಮಾಡುವ ಸ್ವಯಂಸೇವೆ, ಎಲ್ಲಿ ಕೆಲಸಕ್ಕೆ ಬರುತ್ತದೆ ಮತ್ತು ಎಲ್ಲಿ ಬರೀ ಫೋಟೊ ಆಗಿ ಉಳಿಯುತ್ತದೆ ಎಂಬುದನ್ನು ತಿಳಿಯಲು ಈ ಸೊನ್ನೆಯಿಂದಲೇ ಶುರುಮಾಡುವುದು ಒಳ್ಳೆಯದು.

ಎರಡು ಪರ್ಸೆಂಟಿನ ಕಾನೂನು

ಮೊದಲು ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ಇಲ್ಲವೇ ವಾರ್ಷಿಕ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ: ಈ ಮೂರರಲ್ಲಿ ಯಾವ ಒಂದು ಗೆರೆಯನ್ನು ಮುಟ್ಟಿದರೂ ಕಂಪನಿ ಈ ಕಾನೂನಿನೊಳಗೆ ಬರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಅದು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 10 ಕೋಟಿ ಇದ್ದರೆ ವರ್ಷಕ್ಕೆ 20 ಲಕ್ಷ ರೂಪಾಯಿ. ಶಿಕ್ಷಣ, ಆರೋಗ್ಯ, ಪರಿಸರ, ಕುಡಿಯುವ ನೀರು ಮುಂತಾಗಿ ಯಾವ ಯಾವ ಕೆಲಸಕ್ಕೆ ಎಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಇಡೀ ದೇಶದಲ್ಲಿ ಹೀಗೆ ಖರ್ಚಾದ ಹಣ 2022–23ರಲ್ಲಿ 30 ಸಾವಿರ ಕೋಟಿಯ ಆಸುಪಾಸಿನಲ್ಲಿತ್ತು.

ಕಾನೂನಿನ ಇನ್ನೆರಡು ಮಾತು ನಮಗೆ ಮುಖ್ಯ. ಒಂದು, ಕಂಪನಿ ತಾನು ಕೆಲಸ ಮಾಡುವ ಊರಿಗೆ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಓದಲು ಚೆನ್ನಾಗಿರುವ ಈ ಮಾತಿನಿಂದಾಗಿ ಕಂಪನಿಗಳು ಎಲ್ಲಿ ಹೆಚ್ಚಿವೆಯೋ ಹಣವೂ ಅಲ್ಲೇ ಹೆಚ್ಚು ಸುತ್ತುತ್ತದೆ. ಬೆಂಗಳೂರಿಗೆ ಸಿಗುವಷ್ಟು ಶಿವಮೊಗ್ಗಕ್ಕೆ ಸಿಗುವುದಿಲ್ಲ. ನಮ್ಮ ಕೈಗಾರಿಕಾ ಪ್ರದೇಶದ ಹಲವು ಸಣ್ಣ ಫೌಂಡ್ರಿ, ವರ್ಕ್‌ಶಾಪ್‌ಗಳು ಈ ಗೆರೆಯ ಹತ್ತಿರವೂ ಬರುವುದಿಲ್ಲ. ಎರಡನೆಯದು, ಮೊದಲೇ ಹೇಳಿದ ಸೊನ್ನೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2016ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ನೌಕರರನ್ನು ಈ ಕೆಲಸಗಳಲ್ಲಿ ತೊಡಗಿಸುವುದು ಒಳ್ಳೆಯದು, ಅದಕ್ಕೆ ಪ್ರೋತ್ಸಾಹ ಕೊಡಬೇಕು. ಆದರೆ ಅವರ ಬಿಟ್ಟಿ ಸೇವೆಗೆ ರೂಪಾಯಿ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚಿನಲ್ಲಿ ತೋರಿಸಬಾರದು. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಅದೇ ಸಚಿವಾಲಯ 2014ರಲ್ಲೇ ಹೇಳಿತ್ತು.

ಈ ಸೊನ್ನೆಯ ಹಿಂದೆ ಒಂದು ಜಾಣತನವಿದೆ. ನೌಕರರ ಗಂಟೆಗೆ ಬೆಲೆ ಕಟ್ಟಲು ಬಿಟ್ಟಿದ್ದರೆ ದೊಡ್ಡ ಸಂಬಳದ ಮ್ಯಾನೇಜರು ಅರ್ಧ ದಿನ ಗಿಡ ನೆಟ್ಟರೂ ಸಾವಿರಾರು ರೂಪಾಯಿ ಸಮಾಜಸೇವೆ ಆಗಿಬಿಡುತ್ತಿತ್ತು, ಕೊಡಬೇಕಾದ ಹಣ ಅಷ್ಟು ಕಡಿಮೆಯಾಗುತ್ತಿತ್ತು. ಈಗ ಹಾಗಿಲ್ಲ. ನೌಕರನ ಸಮಯದಿಂದ ಕಂಪನಿಗೆ ಲೆಕ್ಕದ ಲಾಭವಿಲ್ಲ. ಹಾಗಾಗಿ ಆ ಸಮಯಕ್ಕೆ ಏನಾದರೂ ಬೆಲೆ ಬರಬೇಕಾದರೆ ಅದು ಊರಿನಲ್ಲಿ ಆದ ಕೆಲಸದಿಂದಲೇ ಬರಬೇಕು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕಾನೂನಿನ ಗೆರೆ ಮುಟ್ಟದ ಸಣ್ಣ ಫೌಂಡ್ರಿಗೆ ಕೊಡಲು 20 ಲಕ್ಷ ಇರಲಿಕ್ಕಿಲ್ಲ, ಎರಡು ಗಂಟೆ ಮಾತ್ರ ದೊಡ್ಡ ಕಂಪನಿಗೆ ಇರುವಷ್ಟೇ ಇದೆ. ಹಣ ಕಡಿಮೆ ಹರಿಯುವ ನಮ್ಮಂಥ ಊರಿಗೆ ಸಮಯ ಕೊಡುವ ಈ ಮಾರ್ಗವೇ ಹೆಚ್ಚು ಹೊಂದುತ್ತದೆ.

ಗಂಟೆಗಳ ಲೆಕ್ಕ

ಈಗ ಸ್ವಲ್ಪ ಗಣಿತ. ಒಂದು ಕಂಪನಿಯ 50 ನೌಕರರು ತಿಂಗಳಿಗೆ ಎರಡು ಗಂಟೆ ಕೊಡುತ್ತಾರೆ ಎನ್ನೋಣ. ವರ್ಷಕ್ಕೆ 1,200 ಗಂಟೆ. ವರದಿಯಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ. ಅದರ ಪಕ್ಕದಲ್ಲಿ ಕಾಲೇಜೊಂದರ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕವನ್ನು ಇಟ್ಟು ನೋಡಿ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾದ ಯೋಜನೆ ಅದು. ಸ್ವಯಂಸೇವಕನಾದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರ ಬೇರೆ. ನೂರು ಮಂದಿಯ ಒಂದೇ ಒಂದು ಘಟಕದಿಂದ ವರ್ಷಕ್ಕೆ 12,000 ಗಂಟೆ ಸಿಗುತ್ತದೆ. ಕಂಪನಿಯ ಹತ್ತು ಪಟ್ಟು.

ಶಂಕರಘಟ್ಟದಲ್ಲಿರುವ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಇಂಥ ಘಟಕಗಳು ಎಷ್ಟೋ ಇವೆ. ಇದಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಿ. ಶಿವಮೊಗ್ಗದ ಜೆಎನ್‌ಎನ್‌ಸಿಇ, ಪಿಇಎಸ್‌ನಂಥ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ ಬರುತ್ತವೆ. ವಿಟಿಯು 2018ರ ಪಠ್ಯಕ್ರಮದಿಂದ ಬಿ.ಇ. ಪದವಿಗೆ 100 ಚಟುವಟಿಕೆ ಅಂಕಗಳನ್ನು ಕಡ್ಡಾಯ ಮಾಡಿತು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಆಮೇಲೆ 'ಸೋಷಿಯಲ್ ಕನೆಕ್ಟ್' ಎಂಬ ವಿಷಯವೂ ಬಂತು. ಗಿಡ ನೆಟ್ಟು ದತ್ತು ಪಡೆಯುವುದು, ಊರಿನ ಪರಂಪರೆ ಮತ್ತು ಕರಕುಶಲ, ಸಾವಯವ ಕೃಷಿ ಹಾಗೂ ತ್ಯಾಜ್ಯ ನಿರ್ವಹಣೆ, ನೀರಿನ ಸಂರಕ್ಷಣೆ, ಸ್ಥಳೀಯ ಅಡುಗೆ ಇವೇ ಅದರ ಪಾಠಗಳು. 2014ರಲ್ಲಿ ಶುರುವಾದ ಕೇಂದ್ರದ ಉನ್ನತ ಭಾರತ ಅಭಿಯಾನದಲ್ಲಿ ಸೇರುವ ಕಾಲೇಜು ಕನಿಷ್ಠ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕು.

ಅಂದರೆ ವಿದ್ಯಾರ್ಥಿಗಳ ಗಂಟೆಗೆ ನಮ್ಮಲ್ಲಿ ಬರವಿಲ್ಲ. ಆ ಗಂಟೆಗೆ ಏನು ಕೆಲಸ, ಹೇಗೆ ಮಾಡುವುದು, ಆದದ್ದನ್ನು ಹೇಗೆ ಅಳೆಯುವುದು ಎಂದು ಹೇಳಿಕೊಡುವವರಿಗೆ ಬರ. ಅದಿಲ್ಲದೆ 12,000 ಗಂಟೆ ರಸ್ತೆ ಗುಡಿಸುವುದರಲ್ಲಿ, ಜಾಥಾ ಹೋಗುವುದರಲ್ಲಿ ಮುಗಿದುಹೋಗುತ್ತದೆ. ಇತ್ತ ಕಂಪನಿಯ ನೌಕರರಿಗೆ ಕೆಲಸ ಗೊತ್ತು, ಗಂಟೆ ಇಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ, ಭಾನುವಾರ ಕಾರ್ಖಾನೆಗೆ ರಜೆ ಇದ್ದರೂ ಶಾಲೆಗೆ ಬೀಗ. ಹಾಲು ಒಂದು ಕಡೆ, ಹೆಪ್ಪು ಒಂದು ಕಡೆ ಇಟ್ಟುಕೊಂಡು ಮೊಸರಿಲ್ಲ ಎಂದು ಕೂತ ಹಾಗಿದೆ ನಮ್ಮ ಸ್ಥಿತಿ. ನೌಕರ ತಾನೇ ಹೋಗಿ ಮಾಡುವ ಕೆಲಸ ಒಂದು ಚಮಚದಷ್ಟೇ. ಆ ಚಮಚವನ್ನು ವಿದ್ಯಾರ್ಥಿಗಳ ಪಾತ್ರೆಗೆ ಹಾಕಿದರೆ ಮಾತ್ರ ಅದು ಊರಿಗೆ ಸಾಲುತ್ತದೆ.

ಕರ್ನಾಟಕದಲ್ಲಿ ಇದು ಹೊಸ ಪ್ರಯೋಗವೇನಲ್ಲ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ 2008ರಲ್ಲಿ ಶುರುಮಾಡಿದ 'ಲೀಡ್' ಕಾರ್ಯಕ್ರಮದಲ್ಲಿ ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನು ಹುಡುಕುವವರು ಕಾಲೇಜು ವಿದ್ಯಾರ್ಥಿಗಳೇ. ಸಂಸ್ಥೆ ಸಣ್ಣ ಮೊತ್ತ ಮತ್ತು ಮಾರ್ಗದರ್ಶನ ಕೊಡುತ್ತದೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫಾರ್ ಸೇವಾ, ಕಂಪನಿ ನೌಕರರನ್ನೂ ಕಾಲೇಜು ಹುಡುಗ ಹುಡುಗಿಯರನ್ನೂ ಸರ್ಕಾರಿ ಶಾಲೆಗಳಿಗೆ ಒಯ್ಯುತ್ತದೆ. ಬಿಡದಿಯ ಟೊಯೊಟ ಕಿರ್ಲೋಸ್ಕರ್ 2015ರಲ್ಲಿ ರಾಮನಗರ ಜಿಲ್ಲೆಯಲ್ಲಿ ಆರಂಭಿಸಿದ 'ಎಬಿಸಿಡಿ' ಎಂಬ ನೈರ್ಮಲ್ಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳೇ ಮನೆಗೆ ಹೋಗಿ ಶೌಚಾಲಯ ಕಟ್ಟಿಸಿ ಎಂದು ಅಪ್ಪ ಅಮ್ಮನ ಬೆನ್ನು ಬೀಳುತ್ತಾರೆ. ಹೊರಗಿನವರು ನೂರು ಸಲ ಬಂದು ಹೇಳಿದರೂ ಆಗದ ಕೆಲಸ ಮನೆಯ ಮಗು ಹಠ ಹಿಡಿದರೆ ಆಗುತ್ತದೆ ಎಂಬುದು ಅಲ್ಲಿನ ಸೂತ್ರ.

ಭದ್ರಾವತಿ ಕಲಿಸಿದ ಪಾಠ

ಕಂಪನಿ ಮತ್ತು ಊರಿನ ನಂಟು ಏನೆಂದು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ನಂಬಿಕೊಂಡು 1923ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾಯಿತು. ಸಿಎಸ್‌ಆರ್ ಎಂಬ ಮೂರಕ್ಷರ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್, ಕಾರ್ಖಾನೆಯ ಆಸ್ಪತ್ರೆ, ಕಾರ್ಖಾನೆಯ ಶಾಲೆ, ಕಾರ್ಖಾನೆಯ ಕ್ರೀಡಾಂಗಣ ಬಂದವು. ಸೈರನ್ ಕೂಗಿದಾಗ ಊರು ಏಳುತ್ತಿತ್ತು.

ಆ ವ್ಯವಸ್ಥೆಯ ಒಳ್ಳೆಯದನ್ನು ಅಲ್ಲಗಳೆಯಲಾಗದು. ಅದರ ಕೊರತೆ ಗೊತ್ತಾದದ್ದು ತಡವಾಗಿ. ಎಲ್ಲವನ್ನೂ ಕಾರ್ಖಾನೆಯೇ ಮಾಡಿಕೊಡುತ್ತಿತ್ತು, ಊರು ಪಡೆದುಕೊಳ್ಳುತ್ತಿತ್ತು. ಎಂಪಿಎಂ ಯಂತ್ರಗಳು ನಿಂತು ಈಗ ಸುಮಾರು ಒಂದು ದಶಕವಾಗುತ್ತಾ ಬಂತು. ಆ ಕಬ್ಬಿಣದ ಕಾರ್ಖಾನೆಗೆ, ಅಂದರೆ ಇಂದಿನ ವಿಐಎಸ್‌ಎಲ್‌ಗೆ, ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬಹುಕಾಲ ಧರಣಿ ಕೂತರು, ಪುನಶ್ಚೇತನದ ಭರವಸೆಗಳು ಬಂದವು. ಕಾರ್ಖಾನೆಯ ಭವಿಷ್ಯ ಏನೇ ಇರಲಿ, ನೂರು ವರ್ಷದ ಕಂಪನಿಯೂ ಹೊರಟುಹೋಗಬಹುದು ಎಂಬ ಪಾಠವನ್ನು ಊರು ಕಲಿತಿದೆ. ಕಂಪನಿ ಕಟ್ಟಿದ ಕಟ್ಟಡ ಅದರ ಜೊತೆಗೇ ಸೊರಗುತ್ತದೆ, ಅದು ಕಲಿಸಿದ ಕಸುಬು ಸೊರಗುವುದಿಲ್ಲ. ಎರಕ ಹೊಯ್ಯುವುದು ಗೊತ್ತಿರುವ ಕೈಗೆ ಮಾಚೇನಹಳ್ಳಿಯಲ್ಲೂ ಕೆಲಸವಿದೆ, ಹೊರಗೂ ಇದೆ.

ಇದೇ ಕಬ್ಬಿಣದ ಕಾರ್ಖಾನೆಯ ಇತಿಹಾಸದಲ್ಲಿ ಈ ಮಾತಿಗೆ ಸರಿಹೊಂದುವ ಒಂದು ಘಟನೆ ಇದೆ. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1923ರಲ್ಲಿ ನಷ್ಟದಲ್ಲಿದ್ದ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಆ ಹಣ ಹೋಗಲಿ ಎಂದರು. ಅದರಿಂದ ಬೆಂಗಳೂರಿನಲ್ಲಿ ಎದ್ದದ್ದೇ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌.ಜೆ. ಪಾಲಿಟೆಕ್ನಿಕ್. ಭದ್ರಾವತಿಯ ಕುಲುಮೆಗಳು ತಣ್ಣಗಾದರೂ ಆ ಪಾಲಿಟೆಕ್ನಿಕ್‌ನಲ್ಲಿ ಇವತ್ತೂ ಪಾಠ ನಡೆಯುತ್ತದೆ.

ತುಂಗೆಯ ಒಂದು ಬಾಟಲಿ ನೀರು

ಮಾತು ಗಾಳಿಯಲ್ಲಿ ನಿಲ್ಲಬಾರದು, ಒಂದು ಕೆಲಸವನ್ನೇ ಹಿಡಿದು ನೋಡೋಣ. ಗಾಜನೂರು ಕಡೆಯಿಂದ ಶಿವಮೊಗ್ಗಕ್ಕೆ ಬರುವ ತುಂಗೆ, ನಗರ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಕೂಡುತ್ತದೆ. ಆ ನಡುವೆ ನಗರದ ಕೊಳಚೆ ಅದಕ್ಕೆ ಸೇರುತ್ತದೆ ಎಂಬುದು ಹಳೆಯ ದೂರು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆಯೂ ಇದೇ ಸಂಕಟವನ್ನು ಹೊತ್ತು ಹೊಳೆಯ ಜಾಡಿನಲ್ಲಿ ನಡೆಯಿತು.

ಇಲ್ಲಿ ಸ್ವಯಂಸೇವೆ ಎಂದರೆ ಸಾಮಾನ್ಯವಾಗಿ ದಡದ ಪ್ಲಾಸ್ಟಿಕ್ ಹೆಕ್ಕುವುದು. ಒಳ್ಳೆಯದೇ, ಆದರೆ ಮುಂದಿನ ವಾರ ಮತ್ತೆ ಅಷ್ಟೇ ಪ್ಲಾಸ್ಟಿಕ್ ಇರುತ್ತದೆ. ಇದರ ಬದಲು ನಗರಕ್ಕೆ ಮೊದಲು ಒಂದು, ನಗರದೊಳಗೆ ಮೂರು, ನಗರ ದಾಟಿದ ಮೇಲೆ ಒಂದು, ಹೀಗೆ ಐದು ಜಾಗ ಗೊತ್ತುಮಾಡಿ, ಹೊಳೆ ತುಂಬಿ ಹರಿಯುವ ಮಳೆಗಾಲ ಬಿಟ್ಟು ಪ್ರತಿ ತಿಂಗಳು ಅದೇ ಹೊತ್ತಿಗೆ ಅದೇ ಜಾಗದ ನೀರನ್ನು ವಿದ್ಯಾರ್ಥಿಗಳು ಪರೀಕ್ಷಿಸಿದರೆ? ಉಷ್ಣಾಂಶ, ಕದಡು, ಆಮ್ಲೀಯತೆ, ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಎಂದು ಬರೆದಿಟ್ಟರೆ? ಕೊಳಚೆ ಹೆಚ್ಚಿದಷ್ಟೂ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ, ಮೀನಿಗೆ ಉಸಿರು ಸಾಲದೆ ಹೋಗುತ್ತದೆ. ಇಷ್ಟು ವಿಜ್ಞಾನ ಪದವಿ ವಿದ್ಯಾರ್ಥಿಗೆ ಪಠ್ಯದಲ್ಲೇ ಇದೆ.

ಪಠ್ಯದಲ್ಲಿ ಹೆಚ್ಚಾಗಿ ಸಿಗದಿರುವುದು ಅಳತೆಯ ಶಿಸ್ತು. ಬಾಟಲಿಗೆ ಚೀಟಿ ಅಂಟಿಸದೆ ತಂದರೆ ಅದು ಯಾವ ಜಾಗದ ನೀರು? ಆಮ್ಲಜನಕದ ಮಾದರಿಯಲ್ಲಿ ಗಾಳಿಗುಳ್ಳೆ ಸೇರಿದರೆ ಲೆಕ್ಕವೇ ತಪ್ಪು. ಮೀಟರ್ ಸರಿಯಾಗಿದೆಯೇ ಎಂದು ಮೊದಲು ನೋಡಬೇಕು, ಒಂದು ಅಳತೆ ವಿಚಿತ್ರವಾಗಿ ಬಂದರೆ ಮತ್ತೊಮ್ಮೆ ಮಾಡಬೇಕು, ತಪ್ಪಾದದ್ದನ್ನು ಒರೆಸದೆ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಇದು ಫೌಂಡ್ರಿಯ ಕ್ವಾಲಿಟಿ ವಿಭಾಗದಲ್ಲಿ ಕೂತವರಿಗೆ ದಿನದ ಕೆಲಸ. ಅಂಥ ಒಬ್ಬರು ತಿಂಗಳಿಗೆ ಎರಡು ಗಂಟೆ ಆರು ವಿದ್ಯಾರ್ಥಿಗಳ ಜೊತೆ ಕೂತರೆ ಸಾಕು. ಅವರು ತಾವೇ ಹೊಳೆಗೆ ಇಳಿಯಬೇಕಿಲ್ಲ. ಹನ್ನೆರಡು ತಿಂಗಳಾದ ಮೇಲೆ ಮಹಾನಗರ ಪಾಲಿಕೆಯ ಮುಂದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆ ಇಡಲು ವಿದ್ಯಾರ್ಥಿಗಳ ಕೈಯಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಯಾವ ಕಾಲುವೆಯ ಕೆಳಗೆ ಯಾವ ತಿಂಗಳು ನೀರು ಕೆಟ್ಟಿತು ಎಂದು ಅದು ಹೇಳುತ್ತದೆ.

ಅಕೌಂಟ್ಸ್ ವಿಭಾಗದವರು ಬಿ.ಕಾಂ. ವಿದ್ಯಾರ್ಥಿಗಳಿಗೆ, ಆ ವಿದ್ಯಾರ್ಥಿಗಳು ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿಸಬಹುದು. ಮೆಂಟೆನೆನ್ಸ್‌ನವರು ಐಟಿಐ ಹುಡುಗರಿಗೆ ರಿಪೇರಿ ಕಲಿಸಿದರೆ, ಅವರು ಶಾಲೆಯ ಕೆಟ್ಟುಹೋದ ನೀರಿನ ಫಿಲ್ಟರಿಗೆ ಕೈ ಹಾಕಬಹುದು. ಜಾಡು ಒಂದೇ: ಗೊತ್ತಿದ್ದವರಿಂದ ವಿದ್ಯಾರ್ಥಿಗೆ, ವಿದ್ಯಾರ್ಥಿಯಿಂದ ಊರಿಗೆ.

ಗದ್ದೆಯ ಯಜಮಾನ ಯಾರು?

ಮಲೆನಾಡಿನ ನಟ್ಟಿ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ. ಅಲ್ಲಿ ಹಣದ ಲೆಕ್ಕವಿಲ್ಲ, ದಿನದ ಲೆಕ್ಕವಿದೆ. ಮುಯ್ಯಿಗೆ ಬಂದವರು ಯಾವ ಗದ್ದೆ ಮೊದಲು ನೆಡಬೇಕು ಎಂದು ಹೇಳುವುದಿಲ್ಲ. ಅದನ್ನು ಹೇಳುವವರು ಗದ್ದೆಯ ಯಜಮಾನರು.

ಕಂಪನಿಗಳ ಸ್ವಯಂಸೇವೆ ಎಡವುವುದು ಹೆಚ್ಚಾಗಿ ಇಲ್ಲೇ. ಗೋಡೆಗೆ ಬಣ್ಣ ಬಳಿಯಬೇಕೆಂದು ಬೆಂಗಳೂರಿನ ಕಚೇರಿಯಲ್ಲಿ ತೀರ್ಮಾನವಾಗುತ್ತದೆ, ಶಾಲೆಗೆ ಬೇಕಾದದ್ದು ಶೌಚಾಲಯಕ್ಕೆ ನೀರು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕಗಳು ವರದಿಯ ರಟ್ಟಿನ ಮೇಲೆ ಇರುತ್ತವೆ, ಅದೇ ಗುರಿಗಳನ್ನು ನಮ್ಮ ಪಂಚಾಯಿತಿಗಳಿಗಾಗಿ ಒಂಬತ್ತು ವಿಷಯಗಳಾಗಿ ಇಳಿಸಿರುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಹಳ್ಳಿಯ ಕೆಲಸವಾದರೆ ಗ್ರಾಮಸಭೆ ಒಪ್ಪಿದ 'ನಮ್ಮ ಗ್ರಾಮ ನಮ್ಮ ಯೋಜನೆ'ಯ ಪಟ್ಟಿ ನೋಡಬೇಕು. ಶಾಲೆಯ ಕೆಲಸವಾದರೆ ಶಾಲಾಭಿವೃದ್ಧಿ ಸಮಿತಿಯನ್ನೂ (ಎಸ್‌ಡಿಎಂಸಿ) ಹೆಡ್‌ಮೇಷ್ಟ್ರನ್ನೂ ಕೇಳಬೇಕು. ನಗರದಲ್ಲಾದರೆ ವಾರ್ಡಿನ ಜನರನ್ನು. ಹಾಗೆ ಕೇಳಿಕೊಂಡು ಬರುವ ಕೆಲಸಕ್ಕೂ ವಿದ್ಯಾರ್ಥಿಗಿಂತ ಒಳ್ಳೆಯ ಜನ ಸಿಗಲಾರರು. ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿಗೆ ತನ್ನೂರಿನ ಕೆರೆ ಏರಿ ಎಲ್ಲಿ ಸೋರುತ್ತದೆಂದು ಗೊತ್ತು, ಯಾರನ್ನು ಕೇಳಿದರೆ ಕೆಲಸ ಆಗುತ್ತದೆಂದೂ ಗೊತ್ತು.

ತಕರಾರುಗಳು

ಅಂಕಕ್ಕಾಗಿ ಮಾಡುವ ಸೇವೆ ಸ್ವಯಂಸೇವೆ ಹೇಗಾಗುತ್ತದೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕಡ್ಡಾಯ ಮಾಡಿದ ಕೂಡಲೇ ಫೋಟೊ, ಸರ್ಟಿಫಿಕೇಟು, ನಕಲು ವರದಿ ಹುಟ್ಟಿಕೊಳ್ಳುವುದು ಸಹಜ. ಆದರೆ ಮಗ್ಗಿಯನ್ನೂ ನಾವು ಇಷ್ಟಪಟ್ಟು ಕಲಿಯಲಿಲ್ಲ. ಕಡ್ಡಾಯ ಎಂಬುದು ಬಾಗಿಲವರೆಗೆ ತರುತ್ತದೆ, ಒಳಗೆ ಹೋಗುವಂತೆ ಮಾಡುವುದು ಕೆಲಸದ ರುಚಿ. ಐವತ್ತು ಜನ ಒಂದು ಗಿಡದ ಸುತ್ತ ನಿಲ್ಲುವ ಕೆಲಸಕ್ಕೆ ರುಚಿ ಇರುವುದಿಲ್ಲ.

ವಿದ್ಯಾರ್ಥಿಗಳನ್ನು ಕಂಪನಿ ಪುಕ್ಕಟೆ ಆಳಾಗಿ ಬಳಸಿಕೊಳ್ಳುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಆ ಅಪಾಯ ಇದೆ. ಪೌರಕಾರ್ಮಿಕರಿಗೆ ಸಂಬಳ ಕೊಟ್ಟು ಮಾಡಿಸಬೇಕಾದ್ದನ್ನು, ಶಿಕ್ಷಕರನ್ನು ನೇಮಿಸಿ ತುಂಬಬೇಕಾದ ಹುದ್ದೆಯನ್ನು ಸ್ವಯಂಸೇವಕರಿಂದ ತುಂಬಿಸಬಾರದು. ಕಂಪನಿಯ ಜಾಹೀರಾತಿನ ಕೆಲಸವಂತೂ ಸಲ್ಲದು. ಮಳೆಗಾಲದ ಹೊಳೆ, ಒಳಚರಂಡಿ, ಹರಿತದ ಯಂತ್ರಗಳ ಹತ್ತಿರ ವಿದ್ಯಾರ್ಥಿಗಳನ್ನು ಬಿಡಬಾರದು. ಶಾಲಾ ಮಕ್ಕಳ ಜೊತೆ ಯಾರೂ ಒಂಟಿಯಾಗಿ ಕೂರಬಾರದು, ಪೋಷಕರ ಒಪ್ಪಿಗೆ ಇಲ್ಲದೆ ಮಗುವಿನ ಮುಖ ಕಂಪನಿಯ ಕ್ಯಾಲೆಂಡರಿಗೆ ಹೋಗಬಾರದು. ಇವನ್ನು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಂಡರೆ ಆಮೇಲೆ ಮನಸ್ತಾಪವಿರುವುದಿಲ್ಲ.

ಮೂರನೆಯ ತೊಡಕು ತಕರಾರಲ್ಲ, ಕ್ಯಾಲೆಂಡರ್. ಸೆಮಿಸ್ಟರ್ ಪರೀಕ್ಷೆ ಬಂದರೆ ವಿದ್ಯಾರ್ಥಿ ಮಾಯ, ಮೂರ್ನಾಲ್ಕು ವರ್ಷಕ್ಕೆ ಅವನು ಊರನ್ನೇ ಬಿಟ್ಟು ಹೋಗಬಹುದು. ಕಂಪನಿಯ ಕಡೆ ವರ್ಗಾವಣೆ, ಆರ್ಡರ್ ಒತ್ತಡ. ಹಾಗಾಗಿ ತಂಡದಲ್ಲಿ ಮೊದಲ ವರ್ಷದವರೂ ಕೊನೆಯ ವರ್ಷದವರೂ ಇರಬೇಕು, ಸೀನಿಯರ್ ಹೋಗುವ ಮುಂಚೆ ಜೂನಿಯರ್ ಕೈಗೆ ರಿಜಿಸ್ಟರ್ ಕೊಟ್ಟು ಹೋಗಬೇಕು. ನಾಳೆಯ ಹಾಲಿಗೆ ಇವತ್ತಿನ ಮೊಸರಿನಿಂದಲೇ ಒಂದು ಚಮಚ ಎತ್ತಿಡುವುದನ್ನು ನಮ್ಮ ಮನೆಗಳಲ್ಲಿ ಯಾರೂ ಮರೆಯುವುದಿಲ್ಲ. ಪ್ರತಿ ಸಲ ಪಕ್ಕದ ಮನೆಗೆ ಹೆಪ್ಪಿಗೆ ಹೋಗುವುದು ಮರ್ಯಾದೆಯೂ ಅಲ್ಲ.

ಕಾನೂನು ಕೊಟ್ಟ ಸೊನ್ನೆಯನ್ನು ಊರು ಹೇಗೆ ತುಂಬಿಕೊಳ್ಳಬೇಕು ಎಂಬುದಕ್ಕೆ ದೊಡ್ಡ ಸಮೀಕ್ಷೆ ಬೇಡ. ವರ್ಷದ ಕೊನೆಗೆ ಕಂಪನಿಯವರು, ಕಾಲೇಜಿನವರು, ಊರಿನವರು ಒಟ್ಟಿಗೆ ಕೂತಾಗ ಎಷ್ಟು ಗಂಟೆ ಆಯಿತು, ಎಷ್ಟು ಜನ ಬಂದರು ಎಂಬ ಲೆಕ್ಕ ಮುಗಿದ ಮೇಲೆ ಯಾರಾದರೂ ಒಂದು ಪ್ರಶ್ನೆ ಕೇಳಲಿ: ಕಂಪನಿಯವರು ಮುಂದಿನ ತಿಂಗಳಿಂದ ಬರದಿದ್ದರೆ ಈ ಕೆಲಸ ಯಾರು ಮಾಡುತ್ತಾರೆ? ಎಲ್ಲರೂ ಕಂಪನಿಯ ಮುಖ ನೋಡಿದರೆ ಅಲ್ಲಿ ಆದದ್ದು ಹಳೆಯ ಭದ್ರಾವತಿಯ ಕಥೆಯೇ. ಹಿಂದಿನ ಬೆಂಚಿನಲ್ಲಿ ಕೂತ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ರಿಜಿಸ್ಟರ್ ಹಿಡಿದುಕೊಂಡು ಎದ್ದು ನಿಂತರೆ, ಆ ಎಂಜಿನಿಯರ್ ಕೊಟ್ಟ ಎರಡು ಗಂಟೆ ಸೊನ್ನೆಯಾಗಲಿಲ್ಲ.